ಸ್ಟಿಕ್ ಮಾಸ್ಟ್ರ ಅಂಗಡಿ, ವಿರಾಜಪೇಟೆ: ಅವರು ಹೋದ್ಮೇಲೆ ಮೊದಲ್ನೇ ಸಲ ಹೋಗಿ ಬಂದೆ

ಹಾಕಿ ಸ್ಟಿಕ್ಕು, ನಾಟಕದ ಕಿರೀಟ, ದುಡಿ ಅನ್ನೋ ಸಣ್ಣ ಚರ್ಮವಾದ್ಯ, ಕೊಡವ ಹೆಂಗಸರ ಕುಣಿತ ಉಮ್ಮತ್ತಾಟಿನ ತಾಳ, ವಾಲಿಬಾಲ್ ನೆಟ್ಟು, ಇಷ್ಟೂ ಒಂದೇ ಬಾಗಿಲೊಳಗೆ ಸಿಗೋ ಅಂಗಡಿ ಇಡೀ ಕೊಡಗಲ್ಲಿ ನಂಗೆ ಗೊತ್ತಿರೋದು ಇದೊಂದೇ. ಬೋರ್ಡಲ್ಲಿ ಬೇರೆ ಏನೋ ಹೆಸರಿದೆ, ಮಳೆ ಬಿದ್ದೂ ಬಿದ್ದೂ ಅಕ್ಷರ ಎಲ್ಲಾ ಮಾಸಿ ಹೋಗಿದೆ, ಆ ಹೆಸರು ಹೇಳಿ ಯಾರೂ ಕೇಳೋದೂ ಇಲ್ಲ, ಸ್ಟಿಕ್ ಮಾಸ್ಟ್ರ ಅಂಗಡಿ ಅಂದ್ರೆ ಆಟೋದವರು ಕರ್ಕೊಂಡು ಹೋಗಿ ನಿಲ್ಲಿಸ್ತಾರೆ. ಗಡಿಯಾರ ಕಂಬದಿಂದ ನಡ್ಕೊಂಡು ಹೋದ್ರೆ ಐದಾರು ನಿಮಿಷ, ಹಂಚಿನ ಮಾಡು, ಈಗ್ಲೂ ಹಲಗೆ ಬಾಗಿಲು, ಒಂದೊಂದೇ ಹಲಗೆ ಎತ್ತಿ ಪಕ್ಕಕ್ಕೆ ಒರಗಿಸ್ತಾರಲ್ಲ ಆ ಥರದ್ದು.

ಮಾಸ್ಟ್ರು ಹೋದ ವರ್ಷ ಮಳೆಗಾಲದಲ್ಲಿ ತೀರಿಕೊಂಡ್ರು. ಈಗ ಅಂಗಡಿ ನಡೆಸ್ತಿರೋದು ಅವರ ಮಗಳು. ಸುಮಾರು ಜನ ನನ್ನನ್ನ ಕೇಳ್ತಾನೇ ಇದ್ದಾರೆ, ಅಂಗಡಿ ಇನ್ನೂ ಇದ್ಯಾ, ರಿಪೇರಿ ಮಾಡ್ತಾರಾ, ಡ್ರೆಸ್ ಬಾಡಿಗೆ ಕೊಡ್ತಾರಾ ಅಂತ. ಅದಕ್ಕೇ ಇದನ್ನ ಬರೀತಿದ್ದೀನಿ. ಅಂಗಡಿ ಬಗ್ಗೆ ಬರೆಯೋಕೆ ಹೋದ್ರೆ ಮಾಸ್ಟ್ರ ಬಗ್ಗೆ ಬರೀದೇ ಇರೋಕಾಗಲ್ಲ, ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ನಾನು ಹೋಗಿದ್ದು ಎರಡು ಕೆಲಸಕ್ಕೆ. ಒಂದು, ಅಕ್ಕನ ಮಗಳಿಗೆ ಸ್ಟಿಕ್ಕು. ಹನ್ನೆರಡು ವರ್ಷ ಅವಳಿಗೆ, ಶಾಲೆ ಟೀಮಿಗೆ ಸೆಲೆಕ್ಟ್ ಆಗಿದ್ದಾಳೆ, ಖುಷೀಲಿ ಅವಳಪ್ಪ ಆನ್‌ಲೈನಲ್ಲಿ ಒಂದು ಸ್ಟಿಕ್ ತರ್ಸಿದ್ರು, ನೋಡೋಕೆ ಪಳಪಳ ಅಂತಿತ್ತು, ಬಂದ್ಮೇಲೆ ನೋಡಿದ್ರೆ 37.5 ಇಂಚು, ದೊಡ್ಡವರ ಸೈಜು, ಕಾರ್ಬನ್ ಜಾಸ್ತಿ ಇರೋದು, ಎರಡು ದಿನ ಆಡಿ ಮಣಿಕಟ್ಟು ನೋವು ಅಂತ ಅಳೋಕೆ ಶುರು ಮಾಡಿದ್ಲು. ಎರಡನೇದು, ನಾನು ಕೆಲಸ ಮಾಡೋ ಶಾಲೇಲಿ ವಾರ್ಷಿಕೋತ್ಸವ, ಮಕ್ಕಳು ಬೊಳಕಾಟ್ (ದೀಪದ ಸುತ್ತ ಕೊಡವ ಗಂಡಸರು ಮಾಡೋ ಕುಣಿತ), ಉಮ್ಮತ್ತಾಟ್ ಮಾಡ್ತಿದ್ರು, ನಾಲ್ಕು ದುಡಿ, ಎಂಟು ಜೊತೆ ತಾಳ, ಹತ್ತು ಸೆಟ್ ಕುಪ್ಯ ಚೇಲೆ (ಕೊಡವ ಗಂಡಸರ ಉದ್ದ ಕೋಟು, ಸೊಂಟದ ಪಟ್ಟಿ) ಬಾಡಿಗೆಗೆ ಬೇಕಿತ್ತು.

ಒಳಗೆ ಕಾಲಿಟ್ಟ ಕೂಡ್ಲೇ ಅದೇ ವಾಸನೆ. ಅಂಟು, ಎಣ್ಣೆ, ಕರ್ಪೂರ, ಒದ್ದೆ ಚರ್ಮ, ಎಲ್ಲಾ ಸೇರಿದ್ದು. ಮುಂದಿನ ಅರ್ಧ ಆಟದ ಸಾಮಾನು, ಮಧ್ಯ ಒಂದು ಹಳೇ ಸ್ಟೇಜ್ ಪರದೆ ಇಳಿಬಿಟ್ಟಿದ್ದಾರೆ, ಅದರ ಹಿಂದಿನ ಅರ್ಧ ನಾಟಕದ ಸಾಮಾನು, ಟ್ರಂಕುಗಳು, ಗದೆ, ಭುಜಕೀರ್ತಿ, ಬಣ್ಣದ ಪೆಟ್ಟಿಗೆ. ಮಾಸ್ಟ್ರು ಇದ್ದಾಗ ಆ ಪರದೆ ಯಾವಾಗ್ಲೂ ಅರ್ಧ ಸರಿದೇ ಇರ್ತಿತ್ತು, ಸ್ಟಿಕ್ ತಗೊಳ್ಳೋಕೆ ಬಂದ ಹುಡುಗ್ರು ಒಳಗೆ ಹೋಗಿ ಗದೆ ಎತ್ತಿ ನೋಡ್ತಿದ್ರು, ನಾಟಕದ ಡ್ರೆಸ್ಸಿಗೆ ಬಂದ ಹುಡ್ಗೀರು ಇಲ್ಲಿ ಸ್ಟಿಕ್ ಹಿಡ್ಕೊಂಡು ನಿಲ್ತಿದ್ರು, ಅವರು ಯಾರಿಗೂ ಮುಟ್ಬೇಡಿ ಅಂದಿದ್ದು ನಾನು ಕೇಳಿಲ್ಲ. ಈಗ್ಲೂ ಪರದೆ ಅರ್ಧ ಸರಿದೇ ಇದೆ, ಅದನ್ನ ನೋಡಿ ಒಂಥರಾ ಸಮಾಧಾನ ಆಯ್ತು.

ಗೋಡೆ ಮೇಲೆ ಎರಡು ಫೋಟೋ, ಅವೂ ಅಲ್ಲೇ ಇವೆ. ಒಂದು 1975ರಲ್ಲಿ ವರ್ಲ್ಡ್ ಕಪ್ ಗೆದ್ದ ನಮ್ಮ ಹಾಕಿ ಟೀಮಿಂದು, ಪೇಪರಿಂದ ಕತ್ತರಿಸಿ ಫ್ರೇಮ್ ಹಾಕ್ಸಿದ್ದು, ಅದ್ರಲ್ಲಿ ನಮ್ಮ ಕೊಡಗಿನ ಬಿ. ಪಿ. ಗೋವಿಂದ ಅವರ ಮುಖದ ಪಕ್ಕ ಪೆನ್ನಲ್ಲಿ ಸಣ್ಣ ಗುರುತು. ಇನ್ನೊಂದು ಹರದಾಸ ಅಪ್ಪಚ್ಚಕವಿಯವರದ್ದು, 1868ರಲ್ಲಿ ಹುಟ್ಟಿ 1944ರಲ್ಲಿ ತೀರಿಕೊಂಡವರು, ಕೊಡವ ತಕ್ಕ್‌ನಲ್ಲಿ (ಕೊಡವರ ಭಾಷೆ) ನಾಟಕ ಬರೆದು ಆಡಿಸಿದವರು. ಬಂದವರು ಯಾರಾದ್ರೂ ಇವರ್ಯಾರು ಅಂತ ಎರಡನೇ ಫೋಟೋ ತೋರಿಸಿ ಕೇಳಿದ್ರೆ ಮಾಸ್ಟ್ರ ಕೈಲಿರೋ ಕೆಲಸ ನಿಂತೇ ಹೋಗ್ತಿತ್ತು, ಅರ್ಧ ಗಂಟೆ ಅವರ ಪದ್ಯ ಕೇಳಿಸ್ಕೊಂಡೇ ಬರ್ಬೇಕು.

ಮಾಸ್ಟ್ರು ಅಂತ ಕರೀತಿದ್ವಿ, ಆದ್ರೆ ಅವರು ಶಾಲೆ ಮೇಷ್ಟ್ರಲ್ಲ. ಕಾಫಿ ತೋಟದಲ್ಲಿ ರೈಟರ್ ಆಗಿದ್ರು, ಬೆಳಗ್ಗೆ ಆಳುಗಳ ಲೆಕ್ಕ ಬರೀತಿದ್ದ ಕೈ. ಹರೆಯದಲ್ಲಿ ಊರ ಟೀಮಲ್ಲಿ ಸೆಂಟರ್ ಹಾಫ್ ಆಡ್ತಿದ್ರು, ರಾತ್ರಿ ನಾಟಕದ ಪ್ರಾಕ್ಟೀಸು. ತೋಟದ ಕೆಲಸ ಬಿಟ್ಟು ಅಂಗಡಿ ಹಾಕಿದಾಗ ಜನ ಹೇಳಿದ್ರಂತೆ, ಎರಡ್ರಲ್ಲಿ ಒಂದು ಇಟ್ಕೊಳ್ಳಿ, ಸ್ಪೋರ್ಟ್ಸ್ ಅಂಗಡಿ ಅಂದ್ರೆ ಸ್ಪೋರ್ಟ್ಸ್ ಅಂಗಡಿ ಥರ ಇರ್ಲಿ, ಈ ಕಿರೀಟ ಗಿರೀಟ ನೋಡಿದ್ರೆ ಟೀಮಿನವರು ಒಳಗೆ ಬರಲ್ಲ ಅಂತ. ಅವರು ಕೇಳ್ಲಿಲ್ಲ. ಅವರಿಗೆ ಅದು ಎರಡು ಅಂತ ಅನ್ಸಿದ್ದೇ ಇಲ್ಲ. ಅವರ ಕಿವಿಗೂ ಮಣಿಕಟ್ಟಿಗೂ ಎರಡೂ ಒಂದೇ ಕೆಲಸ. ಇದು ನಾನು ಸುಮ್ನೆ ಚಂದಕ್ಕೆ ಹೇಳ್ತಿಲ್ಲ, ಹೇಗೆ ಅಂತ ಕಣ್ಣಾರೆ ನೋಡಿದ್ದನ್ನೇ ಹೇಳ್ತೀನಿ.

ರಿಪೇರಿಗೆ ಸ್ಟಿಕ್ ಕೊಟ್ರೆ ಅವರು ಮೊದ್ಲು ಕಣ್ಣಲ್ಲಿ ನೋಡ್ತಾನೇ ಇರ್ಲಿಲ್ಲ. ಹಿಡಿಯ ತುದೀನ ಎರಡು ಬೆರಳಲ್ಲಿ ಸಡಿಲವಾಗಿ ಹಿಡ್ದು ಸ್ಟಿಕ್ಕನ್ನ ಗಾಳೀಲಿ ತೂಗುಬಿಡ್ತಿದ್ರು, ಇನ್ನೊಂದು ಕೈಲಿ ಹಳೇ ಬಾಲ್ ತಗೊಂಡು ಕೆಳಗೆ ತಲೆಯಿಂದ ಮೇಲಕ್ಕೆ ಇಂಚಿಂಚಾಗಿ ಟಕ್ ಟಕ್ ಅಂತ ತಟ್ತಾ ಬರ್ತಿದ್ರು. ಮರ ಗಟ್ಟಿ ಇದ್ದಲ್ಲಿ ಟಕ್, ಒಳಗೆ ಸೀಳಿದ್ದಲ್ಲಿ ಬದ್ ಅಂತ ಬೇರೆ ಸದ್ದು. ಅಲ್ಲಿ ಪೆನ್ಸಿಲಲ್ಲಿ ಒಂದು ಗೆರೆ. ಮೇಲಿಂದ ನೋಡಿದ್ರೆ ಏನೂ ಕಾಣಲ್ಲ, ಟೇಪ್ ಬಿಚ್ಚಿದ್ರೆ ಅದೇ ಗೆರೆ ಕೆಳಗೆ ಕೂದಲೆಳೆಯಷ್ಟು ಸೀಳು. ಆಮೇಲೆ ಪರದೆ ಹಿಂದೆ ಹೋದ್ರೆ ದುಡಿಗೂ ಅದೇ ಪರೀಕ್ಷೆ. ದುಡಿ ಗೊತ್ತಲ್ಲ, ಡಮರುಗದ ಥರ ನಡು ಸಣ್ಣ, ಎರಡು ಕಡೆ ಚರ್ಮ, ದಾರದಲ್ಲಿ ಬಿಗಿದಿರುತ್ತೆ, ಸಣ್ಣ ಕೋಲಲ್ಲಿ ಹೊಡೀತಾರೆ. ಚರ್ಮದ ಅಂಚಿನ ಸುತ್ತ ಕೋಲಲ್ಲಿ ಮೆಲ್ಲಗೆ ತಟ್ತಾ ಹೋಗಿ, ಎಲ್ಲಿ ಸ್ವರ ಇಳೀತು ಅಲ್ಲಿ ದಾರ ಬಿಗಿ. ಒಂದೇ ಬೆಂಚು, ಒಂದೇ ಪೆನ್ಸಿಲು, ಒಂದೇ ಕಿವಿ.

ಪ್ರಾಕ್ಟೀಸಲ್ಲೂ ಹಾಗೇ. ಸಂಜೆ ಅಂಗಡಿ ಹಲಗೆ ಹಾಕಿ ಗ್ರೌಂಡಿಗೆ ಬರ್ತಿದ್ರು, ಸಂಬಳ ಇಲ್ಲ ಏನಿಲ್ಲ, ಹೆಗಲಲ್ಲಿ ದುಡಿ ಇರ್ತಿತ್ತು. ಪೆನಾಲ್ಟಿ ಕಾರ್ನರ್ ಹೇಳ್ಕೊಡೋಕೆ ದುಡಿ! ಹಾಕಿ ಆಡಿದವರಿಗೆ ಗೊತ್ತಿರುತ್ತೆ, ಕಾರ್ನರಲ್ಲಿ ಒಬ್ಬ ಗೋಲ್ ಗೆರೆಯಿಂದ ಬಾಲ್ ತಳ್ಬೇಕು, ಇನ್ನೊಬ್ಬ ಡಿ ಹೊರಗೆ, ಅಂದ್ರೆ ಗೋಲ್ ಮುಂದಿನ ಅರ್ಧ ವೃತ್ತದ ಗೆರೆ ಆಚೆ, ನಿಲ್ಲಿಸ್ಬೇಕು, ಮೂರನೇಯವ ಹೊಡೀಬೇಕು, ಅಷ್ಟರಲ್ಲಿ ಗೋಲಿ ಸೇರಿ ಎದುರಿನ ಐದು ಜನ ಓಡ್ಕೊಂಡು ಮೈಮೇಲೆ ಬರ್ತಾರೆ. ನಮ್ಮ ಹುಡುಗ್ರು ನೋಡಿ ನೋಡಿ ಮಾಡೋಕೆ ಹೋಗಿ ಯಾವಾಗ್ಲೂ ತಡ ಆಗ್ತಿತ್ತು. ಮಾಸ್ಟ್ರು ಡಿ ಹೊರಗೆ ಸುಣ್ಣದಲ್ಲಿ ಮೂರು ಗುರುತು ಹಾಕೋರು, ಸ್ಟೇಜಲ್ಲಿ ಪಾತ್ರ ನಿಲ್ಲೋ ಜಾಗಕ್ಕೆ ಹಾಕ್ತಾರಲ್ಲ ಹಾಗೆ, ಆಮೇಲೆ ದುಡೀಲಿ ಮೂರು ಪೆಟ್ಟು. ಮೊದಲ ಪೆಟ್ಟಿಗೆ ಬಾಲ್ ಬಿಡು, ಎರಡನೇದಕ್ಕೆ ನಿಲ್ಸು, ಮೂರನೇದಕ್ಕೆ ಹೊಡಿ. ಕಣ್ಣು ಮುಚ್ಚಿ ಕೇಳು ಅನ್ನೋರು. ಒಂದು ವಾರ ಅದೇ. ಆಮೇಲೆ ದುಡಿ ಕೆಳಗಿಟ್ಟು ಸುಮ್ನೆ ನಿಲ್ತಿದ್ರು, ನಮಗೆ ಮಾತ್ರ ಒಳಗೆ ಪೆಟ್ಟು ಕೇಳ್ತಾನೇ ಇರ್ತಿತ್ತು. ನಾನು ಆಗ ಸ್ಟಾಪರ್, ಇವತ್ತಿಗೂ ಯಾರಾದ್ರೂ ಕಾರ್ನರ್ ತಗೊಂಡ್ರೆ ನನ್ನ ಮಂಡಿ ಎರಡನೇ ಪೆಟ್ಟಿಗೆ ತಾನಾಗೇ ಬಗ್ಗುತ್ತೆ.

ನಾಟಕದ ಮಕ್ಕಳಿಗೆ ಉಲ್ಟಾ. ಡೈಲಾಗ್ ಹೇಳೋದಕ್ಕೆ ಮುಂಚೆ ಗ್ರೌಂಡ್ ನಾಲ್ಕು ಸುತ್ತು, ಮೇಲುಸಿರು ಬರ್ತಿರ್ಬೇಕಾದ್ರೇನೇ ಮಾತು ಹೇಳ್ಬೇಕು, ಕೊನೇ ಸಾಲಲ್ಲಿ ಕೂತಿರೋ ಅಜ್ಜಿಗೆ ಕೇಳ್ಬೇಕು ಅಂತ. ಮೈಕ್ ಇಲ್ಲದ ಕಾಲದ ನಟ ಅವರು.

1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದ್ರಲ್ಲ, ಆ ವರ್ಷ ನಾನು ಏಳನೇ ಕ್ಲಾಸು. ಅರವತ್ತು ಕುಟುಂಬ ಟೀಮ್ ಕಟ್ಕೊಂಡು ಬಂದಿದ್ವು. ಅದಕ್ಕೆ ಮುಂಚೆ ಮಾಸ್ಟ್ರ ಅಂಗಡಿ ಮುಂದೆ ಜೀಪುಗಳ ಸಾಲು, ಐನ್‌ಮನೆ (ಕುಟುಂಬದ ಮೂಲ ಮನೆ) ಅಟ್ಟದಲ್ಲಿ ಎಷ್ಟೋ ವರ್ಷದಿಂದ ಬಿದ್ದಿದ್ದ ಸ್ಟಿಕ್ಕೆಲ್ಲ ಕೆಳಗಿಳಿಸ್ಕೊಂಡು ಬಂದಿದ್ರು, ಹಿಪ್ಪುನೇರಳೆ ಮರದ್ದು, ಬೆತ್ತದ ಹಿಡಿ, ಗೆದ್ದಲು ತಿಂದಿದ್ದು, ಗ್ರಿಪ್ ಪುಡಿಪುಡಿ ಆಗಿದ್ದು. ರಾತ್ರಿ ಎಲ್ಲಾ ಕೂತು ಬಿಚ್ಚಿ, ಅಂಟು ಹಾಕಿ, ನೂಲು ಸುತ್ತಿ ಕೊಡ್ತಿದ್ರು. ಆ ಹಬ್ಬ ಈಗ ಎಷ್ಟು ಬೆಳೆದಿದೆ ನೋಡಿ, 2024ರಲ್ಲಿ ನಾಪೋಕ್ಲಲ್ಲಿ ಕುಂಡ್ಯೋಳಂಡ ಕಪ್ಪಿಗೆ 360 ಟೀಮು, 2025ರಲ್ಲಿ ಮಡಿಕೇರೀಲಿ ಮುದ್ದಂಡ ಕಪ್ಪಿಗೆ 396. ಅಪ್ಪ, ಮಗ, ಸೊಸೆ, ಅಜ್ಜ ಒಂದೇ ಟೀಮಲ್ಲಿ ಆಡೋ ಹಬ್ಬ ಬೇರೆ ಎಲ್ಲಿದೆ ಹೇಳಿ. ಮಾಸ್ಟ್ರಿಗೆ ಅದ್ರಲ್ಲಿ ಬಾಲ್‌ಗಿಂತ ಇಷ್ಟ ಆಗಿದ್ದು ಟೀಮ್ ಗ್ರೌಂಡಿಗೆ ಇಳಿಯೋ ಗಳಿಗೆ, ಅದು ಎಂಟ್ರಿ ಅನ್ನೋರು, ಎಂಟ್ರಿ ಸರಿ ಇದ್ರೆ ಅರ್ಧ ಆಟ ಗೆದ್ದಂಗೆ.

ನಮ್ಮ ಊರಿನ ಸುತ್ತಮುತ್ತ ಮ್ಯಾಚಿಗೆಲ್ಲ ಕಾಮೆಂಟ್ರಿ ಅವರದ್ದೇ. ಮನೆ ಹೆಸರು ಒಂದೂ ತಪ್ಪಾಗಿ ಹೇಳ್ತಿರ್ಲಿಲ್ಲ, ಮ್ಯಾಚಿಗೆ ಮುಂಚೆ ಎರಡೂ ಟೀಮಿನವರ ಹತ್ರ ಹೋಗಿ ಒಬ್ಬೊಬ್ಬರ ಹೆಸರನ್ನ ಅವರ ಬಾಯಲ್ಲೇ ಹೇಳಿಸಿ ಬರ್ಕೊಂಡು ಬರೋರು. ಕೊಡವ ತಕ್ಕ್, ಕನ್ನಡ, ನಡುವೆ ಸ್ವಲ್ಪ ಇಂಗ್ಲಿಷು, ಮೂರೂ ಒಂದೇ ಉಸಿರಲ್ಲಿ. ಬಾಲ್ ಮಿಡ್‌ಫೀಲ್ಡಲ್ಲಿದ್ದಾಗ ಮಾತು ಮೆಲ್ಲಗೆ, ಡಿ ಹತ್ರ ಬರ್ತಿದ್ದಂಗೆ ಮೇಲೆ, ಗೋಲ್ ಮಿಸ್ ಆದ್ರೆ ಒಂದು ಕ್ಷಣ ಪೂರ್ತಿ ಮೌನ. ಆ ಮೌನ ನಂಗೆ ತುಂಬಾ ಇಷ್ಟ. ಮಿಸ್ ಮಾಡಿದವನ ಹೆಸರನ್ನ ಅವರು ಮೈಕಲ್ಲಿ ಹೇಳ್ತಾನೇ ಇರ್ಲಿಲ್ಲ, ಗೋಲಿ ಚೆನ್ನಾಗಿ ಉಳಿಸಿದ ಅಂತ ಗೋಲಿ ಹೆಸರು ಹೇಳಿ ಮುಂದೆ ಹೋಗೋರು.

ಇನ್ನೊಂದು ಹೇಳ್ಲೇಬೇಕು. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಎಲ್ಲಾ ಗುಡ್ಡ ಕುಸಿದು ಜನ ಪರಿಹಾರ ಕೇಂದ್ರಗಳಲ್ಲಿ ಇದ್ದಾಗ ಎಲ್ರೂ ಅಕ್ಕಿ, ಬಟ್ಟೆ ತಗೊಂಡು ಹೋದ್ರು. ಮಾಸ್ಟ್ರು ಟ್ರಂಕಲ್ಲಿದ್ದ ಕಂಬಳಿ, ಶಾಲು ಎಲ್ಲಾ ಕಟ್ಕೊಂಡ್ರು, ಜೊತೆಗೆ ಇಪ್ಪತ್ತು ಸಣ್ಣ ಸ್ಟಿಕ್ಕು, ಟೆನಿಸ್ ಬಾಲು, ಒಂದು ದುಡಿ, ಬಣ್ಣದ ಪೆಟ್ಟಿಗೆ. ನಾನೂ ವ್ಯಾನಲ್ಲಿದ್ದೆ. ಹೊರಗೆ ಜೋರು ಮಳೆ, ಹಾಲಲ್ಲಿ ಚಾಪೆ ಮೇಲೆ ಜನ, ಯಾರಿಗೂ ಮಾತಿಲ್ಲ. ಅವರು ವರಾಂಡದಲ್ಲಿ ಮಕ್ಕಳನ್ನ ಸೇರಿಸ್ಕೊಂಡು ಚಪ್ಪಲಿ ಇಟ್ಟು ಗೋಲ್ ಪೋಸ್ಟ್ ಮಾಡಿ ಆಡಿಸಿದ್ರು, ಕತ್ತಲಾದ್ಮೇಲೆ ಮುಖಕ್ಕೆ ಬಣ್ಣ ಹಚ್ಕೊಂಡು ಒಬ್ಬರೇ ನಾಲ್ಕು ಪಾತ್ರ ಮಾಡಿದ್ರು. ಒಬ್ಬಳು ಹುಡುಗಿ, ಆರೇಳು ವರ್ಷ ಇರ್ಬೋದು, ಎರಡು ದಿನದಿಂದ ಯಾರ ಹತ್ರಾನೂ ಮಾತಾಡಿರ್ಲಿಲ್ವಂತೆ, ಅವರ ಮೀಸೆ ಅಂಟು ಬಿಟ್ಟು ಒಂದು ಕಡೆ ಜೋತು ಬಿದ್ದಾಗ ಎದ್ದು ಹೋಗಿ ಅಂಗೈಲಿ ಒತ್ತಿ ಅಂಟಿಸಿದ್ಲು. ಮಾಸ್ಟ್ರು ಡೈಲಾಗ್ ನಿಲ್ಲಿಸ್ದೇ ಬಗ್ಗಿ ಮುಖ ಕೊಟ್ರು.

ಸರಿ, ಈಗ ಅಂಗಡಿಗೆ ಬರ್ತೀನಿ.

ಮಾಸ್ಟ್ರ ಮಗಳ ಕೈಗೆ ಆ ಆನ್‌ಲೈನ್ ಸ್ಟಿಕ್ ಕೊಟ್ಟೆ, ತುದಿ ಕತ್ತರಿಸಿ ಚಿಕ್ಕದು ಮಾಡೋಕಾಗುತ್ತಾ ಅಂತ ಕೇಳ್ದೆ. ಅವರು ಹಿಡೀನ ಎರಡು ಬೆರಳಲ್ಲಿ ಹಿಡ್ದು ತೂಗುಬಿಟ್ಟು ಹಳೇ ಬಾಲಲ್ಲಿ ತಟ್ತಾ ಬಂದ್ರು. ನಾನು ನೋಡ್ತಾ ನಿಂತೆ, ಗಂಟಲು ಕಟ್ಟಿದಂಗಾಯ್ತು. ಅಪ್ಪ ಹೇಳ್ಕೊಟ್ರಾ ಅಂತ ಕೇಳಿದ್ದಕ್ಕೆ, ಹೇಳ್ಕೊಡ್ಲಿಲ್ಲ, ಬೆಂಚಿನ ಕೆಳಗೆ ಕೂತು ಹೋಂವರ್ಕ್ ಮಾಡ್ತಿದ್ದೆ, ಕೇಳಿ ಕೇಳಿ ಬಂತು ಅಂದ್ರು. ಸ್ಟಿಕ್ ಚೆನ್ನಾಗಿದೆ, ಆದ್ರೆ ಕತ್ತರಿಸೋದು ಬೇಡ, ಮೇಲಿಂದ ಕತ್ತರಿಸಿದ್ರೆ ಬ್ಯಾಲೆನ್ಸ್ ಪೂರ್ತಿ ತಲೆ ಕಡೆ ಹೋಗುತ್ತೆ, ಮಗುವಿಗೆ ಇನ್ನೂ ಕಷ್ಟ, ಇದನ್ನ ಹಾಗೇ ಇಟ್ಟಿರಿ, ನಾಲ್ಕು ವರ್ಷ ಬಿಟ್ಟು ಆಡ್ತಾಳೆ ಅಂದ್ರು. ಅಂದ್ರೆ ರಿಪೇರಿ ದುಡ್ಡು ಬೇಡ ಅಂದಂಗೆ. ಅಪ್ಪನ ಮಗಳೇ.

ಆಮೇಲೆ ಹುಡುಗೀನ ಕರ್ಕೊಂಡು ಬಂದ್ರೆ ಮಾತ್ರ ಹೊಸ ಸ್ಟಿಕ್ ಕೊಡ್ತೀನಿ ಅಂತ ಹಠ. ಮಾರನೇ ದಿನ ಕರ್ಕೊಂಡು ಹೋದೆ. ಪಕ್ಕದಲ್ಲಿ ನಿಲ್ಲಿಸಿ ಸೊಂಟದ ಮೂಳೆವರೆಗೆ ಅಳತೆ ನೋಡಿ 35 ಇಂಚು, ಮರದ್ದು, ಹಗುರದ್ದು ತೆಗೆದ್ರು. ಟರ್ಫಲ್ಲಿ (ಕೃತಕ ಹುಲ್ಲಿನ ಮೈದಾನ) ಆಡೋಕೆ ಕಾರ್ಬನ್ ಬೇಕಲ್ವಾ ಅಂತ ನಾನು ಕೇಳ್ದೆ, ಈಗ ಎಲ್ರೂ ಅದನ್ನೇ ಹೇಳ್ತಾರೆ. ಅವರು ಹೇಳಿದ್ದು, ಕಾರ್ಬನ್ ಜಾಸ್ತಿ ಇದ್ರೆ ಹೊಡೆತಕ್ಕೆ ಜೋರು ನಿಜ, ಆದ್ರೆ ಬಾಲ್ ಬಂದು ಬಡಿದಾಗ ಕೈಗೆ ಜುಮ್ ಅನ್ಸುತ್ತೆ, ಬಾಲ್ ಎಗರಿ ಹೋಗುತ್ತೆ, ಮರ ಆದ್ರೆ ಬಾಲನ್ನ ಹಿಡ್ಕೊಳ್ಳುತ್ತೆ, ಮೊದ್ಲು ನಿಲ್ಲಿಸೋದು ಕಲೀಲಿ. 1976ರ ಮಾಂಟ್ರಿಯಲ್ ಒಲಿಂಪಿಕ್ಸಲ್ಲಿ ಮೊದಲ ಸಲ ಸಿಂಥೆಟಿಕ್ ಟರ್ಫ್ ಮೇಲೆ ಹಾಕಿ ಆಡಿಸಿದಾಗ ಅದರ ಹಿಂದಿನ ವರ್ಷ ತಾನೇ ವರ್ಲ್ಡ್ ಕಪ್ ಗೆದ್ದಿದ್ದ ನಮ್ಮವರು ಏಳನೇ ಸ್ಥಾನಕ್ಕೆ ಬಂದ್ರು, ಈ ಕಥೇನ ಮಾಸ್ಟ್ರು ಅಂಗಡೀಲಿ ಹೇಳದ ದಿನ ಇರ್ಲಿಲ್ಲ, ಅಂಗಳ ಬದಲಾದ್ರೆ ಹೆಜ್ಜೇನೂ ಬದಲಾಗ್ಬೇಕು ಅಂತ. ಮಗಳು ಆ ಕಥೆ ಹೇಳ್ಲಿಲ್ಲ, ಆದ್ರೆ ಟರ್ಫಲ್ಲಿ ಆಡೋವಾಗ ಹಾಕೋಕೆ ಸ್ಟಿಕ್ಕಿನ ತಲೆಗೆ ಒಂದು ಟೇಪ್ ಸುತ್ತಿ ಕೊಟ್ರು, ಟರ್ಫಿಗೆ ಉಜ್ಜಿ ಮರ ಸವೀಬಾರ್ದು ಅಂತ.

ನಮ್ಮ ಹುಡುಗಿ ಎಡಗೈ. ಎಡಚರ ಸ್ಟಿಕ್ ಇದ್ಯಾ ಅಂತ ಕೇಳಿದ್ಲು. ಹಾಕೀಲಿ ಎಡಗೈ ಸ್ಟಿಕ್ ಅಂತ ಇಲ್ಲ, ಎಲ್ರಿಗೂ ಒಂದೇ, ಚಪ್ಪಟೆ ಕಡೆ ಎಡಕ್ಕೆ. ಮುಖ ಸಣ್ಣ ಮಾಡ್ಕೊಂಡ್ಲು. ಆಗ ಅವರು ಅವಳ ಎಡಗೈನ ಹಿಡಿಯ ಮೇಲ್ತುದೀಲಿ ಇಟ್ಟು, ಬಲಗೈ ಕೆಳಗೆ ಬರೀ ಕೊಳವೆ ಥರ ಸಡಿಲ ಇಡ್ಸಿ, ಈಗ ತಿರುಗ್ಸು ಅಂದ್ರು. ಸ್ಟಿಕ್ ಬಲಗೈ ಒಳಗೇ ಗರಗರ ತಿರುಗ್ತು. ನೋಡು, ತಿರುಗಿಸೋ ಕೈ ಎಡದ್ದು, ಬೇರೆಯವರು ವರ್ಷಗಟ್ಟಲೆ ಪಳಗಿಸೋ ಕೈ ನಿಂಗೆ ಹುಟ್ಟಿನಿಂದ ಬಂದಿದೆ. ಹುಡುಗಿ ಅಂಗಡಿ ನೆಲದ ಮೇಲೇ ಹತ್ತು ನಿಮಿಷ ತಿರುಗಿಸ್ತಾ ನಿಂತ್ಲು. 1,850 ರೂಪಾಯಿ ಆಯ್ತು, ಶಿನ್ ಗಾರ್ಡ್ ಬೇರೆ. ಆನ್‌ಲೈನ್ ಸ್ಟಿಕ್ಕಿಗೆ ಇದರ ಮೂರು ಪಟ್ಟು ಕೊಟ್ಟಿದ್ವಿ.

ಇನ್ನು ಬಾಡಿಗೆ ಸಾಮಾನಿನ ಕಥೆ. ಇಲ್ಲಿ ಹೊಗಳೋದೂ ಇದೆ, ಬೈಯೋದೂ ಇದೆ.

ಡ್ರೆಸ್ಸುಗಳು ಚೆನ್ನಾಗಿವೆ. ಕೊಡಗಿನ ಮಳೇಲಿ ಬಟ್ಟೆಗೆ ಬೂಷ್ಟು ಹಿಡಿಯದೇ ಇರೋದೇ ದೊಡ್ಡ ವಿಷ್ಯ, ಇವರ ಹತ್ರ ಬಲ್ಬ್ ಹಾಕಿಟ್ಟ ಎರಡು ಬೀರು ಇವೆ, ಜೂನಿಂದ ಸೆಪ್ಟೆಂಬರ್ ತನಕ ಹಗಲು ರಾತ್ರಿ ಬಲ್ಬ್ ಉರೀತಿರುತ್ತೆ, ಕುಪ್ಯಗಳೆಲ್ಲ ಅಲ್ಲಿ ನೇತಾಡ್ತಿರ್ತವೆ. ಇಸ್ತ್ರಿ ಮಾಡಿ, ಚೇಲೆ ಮಡಚಿ, ಪ್ರತೀ ಮಗುವಿನ ಹೆಸರು ಚೀಟೀಲಿ ಬರೆದು ಕೊಟ್ರು. ಚೇಲೆ ಕಟ್ಟೋದು, ಪೀಚೆಕತ್ತಿ ಅನ್ನೋ ಸೊಂಟದ ಸಣ್ಣ ಕತ್ತಿ ಎಲ್ಲಿ ಸಿಗಿಸೋದು ಅಂತ ಶಾಲೆಗೇ ಬಂದು ತೋರಿಸಿದ್ರು, ಅದಕ್ಕೆ ಎಕ್ಸ್‌ಟ್ರಾ ತಗೊಳ್ಲಿಲ್ಲ. ಮಕ್ಕಳ ಪೀಚೆಕತ್ತಿ ಮರದ್ದು, ಚೂಪಿಲ್ಲ, ಅಪ್ಪ ಅಮ್ಮಂದಿರು ಹೆದರ್ಬೇಕಾಗಿಲ್ಲ. ಉಮ್ಮತ್ತಾಟಲ್ಲಿ ನಡುವೆ ಕೊಡ ಹಿಡ್ಕೊಂಡು ನಿಲ್ಲೋ ಹುಡುಗಿ ಕಾವೇರಮ್ಮ, ಅವಳಿಗೆ ಅಂತ ಬೇರೆ ಸೀರೆ, ಹಳೇ ಕಾಲದ್ದು, ಅದನ್ನ ಬಾಡಿಗೆ ಲೆಕ್ಕಕ್ಕೇ ಹಾಕ್ಲಿಲ್ಲ.

ಆದ್ರೆ ಎಂಟು ಜೊತೆ ತಾಳ ಅಂತ ಹೇಳಿದ್ದೆ, ಚೀಲ ಬಿಚ್ಚಿದ್ರೆ ಏಳೇ ಇತ್ತು. ಫೋನ್ ಮಾಡಿದ್ರೆ ಎತ್ಲಿಲ್ಲ. ಇದು ಈ ಅಂಗಡಿಯ ದೊಡ್ಡ ಕೊರತೆ, ಫೋನ್ ಎತ್ತಲ್ಲ, ಒಬ್ಬರೇ ಇರೋದ್ರಿಂದ ಬೆಂಚಲ್ಲಿ ಅಂಟು ಕೈ ಇದ್ರೆ ಎತ್ತೋಕಾಗಲ್ಲ ಅಂತಾರೆ, ಅರ್ಥ ಆಗುತ್ತೆ, ಆದ್ರೆ ಪ್ರೋಗ್ರಾಂ ದಿನ ನಮ್ಮ ಪಾಡೇನು. ಸ್ಕೂಟರಲ್ಲಿ ಒಬ್ಬರನ್ನ ಓಡಿಸಿ ತರಿಸ್ಬೇಕಾಯ್ತು. ಮಾಸ್ಟ್ರಿದ್ದಾಗ ಹೀಗಾಗ್ತಿರ್ಲಿಲ್ಲ, ಆಗ ಅಪ್ಪ ಮಗಳು ಇಬ್ಬರಿದ್ರು. ಒಬ್ಬ ಹುಡುಗನನ್ನಾದ್ರೂ ಕೆಲಸಕ್ಕೆ ಇಟ್ಕೊಳ್ಳಿ ಅಂತ ನಾನು ಅವರಿಗೆ ನೇರವಾಗೇ ಹೇಳಿದ್ದೀನಿ, ಇಲ್ಲೂ ಹೇಳ್ತಿದ್ದೀನಿ.

ಇನ್ನೊಂದು, ಪ್ರೋಗ್ರಾಂ ಶುರುವಾಗೋಕೆ ಕಾಲು ಗಂಟೆ ಇದೆ ಅನ್ನೋವಾಗ ಜೋರು ಮಳೆ ಹೊಡೀತು, ನಾಲ್ಕು ದುಡೀಲಿ ಎರಡರ ಚರ್ಮ ಸಡಿಲ ಆಗಿ ಬರೀ ಡಬ್ಬ ಬಡಿದ ಸದ್ದು. ಮಕ್ಕಳು ನಾಲ್ಕು ಜನ ಕೂತು ಬಾಳೋ ಪಾಟ್, ಅಂದ್ರೆ ದುಡಿ ಬಾರಿಸ್ತಾ ಹೇಳೋ ಕೊಡವ ಹಾಡು, ಹಾಡ್ಬೇಕು, ಎರಡು ದುಡಿ ಸತ್ತು ಬಿದ್ದಿದೆ. ಈ ಸಲ ಅದೃಷ್ಟಕ್ಕೆ ಫೋನ್ ಎತ್ತಿದ್ರು. ಬೆಂಕಿ ಹತ್ರ ಒಯ್ಬೇಡಿ, ಸ್ಟೇಜಿನ ಹಳದಿ ಲೈಟ್ ಇದ್ಯಲ್ಲ, ಅದರ ಎದುರು ಒಂದು ಮೊಳ ದೂರ ಹಿಡೀರಿ, ತಿರುಗಿಸ್ತಾ ಇರಿ, ಸದ್ದು ನಂಗೆ ಕೇಳಿಸಿ ಅಂದ್ರು. ಸ್ಪೀಕರ್ ಹಾಕಿ ಫೋನ್ ಪಕ್ಕ ತಟ್ತಾ ನಿಂತೆ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಬಲಗಡೆ ಮುಖ ಸಾಕು, ಎಡಗಡೆ ಇನ್ನೊಂದು ನಿಮಿಷ, ಹಾಂ, ಈಗ ಕೊಡಿ ಮಕ್ಕಳಿಗೆ. ಫೋನಲ್ಲಿ ಕೇಳಿ ಹೇಳಿದ್ದು ಅದು. ಮಕ್ಕಳು ಹಾಡಿದ್ರು, ಸರಿಯಾಗೇ ಹಾಡಿದ್ರು, 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ಸುತ್ತಿ ಕೂಡಿಸಿ ಅಚ್ಚು ಹಾಕ್ಸಿದ್ದರಿಂದ ನಮ್ಮ ಕೈಗೆ ಉಳಿದಿರೋ ಹಾಡುಗಳು ಇಂಥವು, ಅದನ್ನ ಆರನೇ ಕ್ಲಾಸಿನ ಮಕ್ಕಳು ತಾಳ ತಪ್ಪದೇ ಹೇಳೋವಾಗ ಹಿಂದಿನ ಸಾಲಲ್ಲಿ ಅಜ್ಜಂದಿರು ತೊಡೆ ತಟ್ತಿದ್ರು.

ಬಾಡಿಗೆ ದುಡಿಗೆ ದಿನಕ್ಕೆ 150, ಡ್ರೆಸ್ಸಿಗೆ 250, ಡೆಪಾಸಿಟ್ ಬೇರೆ. ತಾಳ ಕಡಿಮೆ ಬಂದಿದ್ದಕ್ಕೆ ತಾವಾಗೇ ಆ ದುಡ್ಡು ಬಿಟ್ರು. ಬೆಳಗ್ಗೆ ಹತ್ತೂವರೆಗೆ ಮುಂಚೆ ಹೋಗ್ಬೇಡಿ, ತೆಗೆದಿರಲ್ಲ. ಕಾರ್ಡ್ ನಡಿಯಲ್ಲ, ಫೋನಲ್ಲಿ ದುಡ್ಡು ಹಾಕ್ಬೋದು, ಆದ್ರೆ ಕರೆಂಟ್ ಹೋದ್ರೆ ನೆಟ್‌ವರ್ಕೂ ಹೋಗುತ್ತೆ, ಮಳೆಗಾಲದಲ್ಲಿ ನೋಟು ಇಟ್ಕೊಂಡೇ ಹೋಗಿ. ಗೋಲಿ ಕಿಟ್ ಇಲ್ಲ. ಕಾರ್ಬನ್ ಸ್ಟಿಕ್ ಒಡೆದಿದ್ರೆ ರಿಪೇರಿ ಮಾಡಲ್ಲ, ಮಾಡಿದ್ರೂ ನಿಲ್ಲಲ್ಲ ಅಂತ ಮುಖಕ್ಕೇ ಹೇಳ್ತಾರೆ. ಮರದ ಸ್ಟಿಕ್ ಯಾವ ಸ್ಥಿತೀಲಿದ್ರೂ ತಗೊಂಡು ಹೋಗಿ, ನೋಡ್ತಾರೆ. ಮುಖಕ್ಕೆ ಹಚ್ಚೋ ಬಣ್ಣ ಮಾತ್ರ ಅಲ್ಲಿಂದ ತಗೋಬೇಡಿ, ಡಬ್ಬಿಗಳು ತುಂಬಾ ಹಳೇದು, ಒಬ್ಬ ಹುಡುಗನ ಕೆನ್ನೆ ತುರಿಕೆ ಬಂತು, ಹೇಳಿದ್ದಕ್ಕೆ ಆ ಡಬ್ಬಿಗಳನ್ನ ಎತ್ತಿ ಬಿಸಾಕ್ತೀನಿ ಅಂದಿದ್ದಾರೆ.

ಮಾಸ್ಟ್ರು ತೀರಿಕೊಂಡ ದಿನದ್ದೊಂದು ಮಾತು. ಮಧ್ಯಾಹ್ನ ಮಣ್ಣು ಮಾಡಿ ಬಂದ್ವಿ. ಸಂಜೆ ಆ ದಾರೀಲಿ ಬಂದ್ರೆ ಅಂಗಡಿಯ ಎರಡು ಹಲಗೆ ತೆಗೆದಿತ್ತು, ಒಳಗೆ ಲೈಟು. ಯಾವುದೋ ಶಾಲೆಯ ಟೀಮಿಗೆ ಮಾರನೇ ದಿನ ಮ್ಯಾಚು, ಹನ್ನೊಂದು ಸ್ಟಿಕ್ ರಿಪೇರಿಗೆ ಕೊಟ್ಟಿದ್ರು, ಹತ್ತು ಮಾಸ್ಟ್ರು ಮುಗಿಸಿದ್ರು, ಒಂದು ಬಾಕಿ ಇತ್ತು. ಮಗಳು ಅದಕ್ಕೆ ನೂಲು ಸುತ್ತುತ್ತಾ ಕೂತಿದ್ರು. ಹೊರಗೆ ಕಟ್ಟೆ ಮೇಲೆ ಆ ಟೀಮಿನ ಹುಡುಗ ಒಬ್ಬ ಕಾಯ್ತಾ ಕೂತಿದ್ದ, ಇವತ್ತು ಬೇಡ ಅಕ್ಕ ಅಂದ್ನಂತೆ, ಕೂತ್ಕೋ ಅಂದ್ರಂತೆ.

ಬೆಂಚಿನ ಮೇಲೆ ಮೊಳೆಗೆ ಒಂದು ದುಡಿ ನೇತು ಹಾಕಿದೆ, ನಡುವಿನ ಮರ ಕೈ ಹಿಡಿದೂ ಹಿಡಿದೂ ಕಪ್ಪಾಗಿ ಮಿರಿಮಿರಿ ಅಂತಿದೆ. ಗ್ರೌಂಡಿಗೆ ತರ್ತಿದ್ದದ್ದು ಅದೇ. ಅದೊಂದನ್ನ ಬಾಡಿಗೆಗೆ ಕೇಳ್ಬೇಡಿ, ಕೊಡಲ್ಲ. ನಾನೂ ಕೇಳ್ಲಿಲ್ಲ, ಆದ್ರೆ ಸಾಮಾನು ವಾಪಸ್ ಕೊಡೋಕೆ ಹೋದಾಗ ಅಕ್ಕನ ಮಗಳು ಅದನ್ನೇ ನೋಡ್ತಾ ನಿಂತಿದ್ಲು, ಅವರು ಇಳಿಸಿ ಅವಳ ಕೈಗೆ ಕೊಟ್ರು, ಎರಡು ಸಲ ಹೊಡೆದ್ಲು, ಮೂರನೇದು ಹೊಡಿ ಅಂದೆ ನಾನು.

ಅವಳ ಸ್ಟಿಕ್ಕಿನ ಗ್ರಿಪ್ ಈಗ್ಲೇ ಬೆವರಿಗೆ ಜಾರ್ತಿದೆ, ಟವೆಲ್ ಗ್ರಿಪ್ ಸುತ್ತಿ ಕೊಡ್ತೀನಿ ಅಂದಿದ್ದಾರೆ. ಶನಿವಾರ ನಾಲ್ಕು ಗಂಟೆಗೆ ಬರೋಕೆ ಹೇಳಿದ್ದಾರೆ, ಭಾನುವಾರ ಅವಳ ಮೊದಲ ಮ್ಯಾಚು.